ತಾಳ ಕೈಯಲ್ಲಿ, ಪ್ರಸಂಗ ಟ್ಯಾಬಿನಲ್ಲಿ

ಹಾಡು, ತಾಳ, ಕಣ್ಸನ್ನೆ, ಗಡಿಯಾರ ಎಲ್ಲವನ್ನೂ ಒಟ್ಟಿಗೆ ನಿಭಾಯಿಸುವ ಯಕ್ಷಗಾನ ಭಾಗವತರ ಮುಂದೆ ಈಗ ಪುಸ್ತಕವಿದ್ದ ಜಾಗದಲ್ಲಿ ಪರದೆ ಕಾಣಿಸುತ್ತಿದೆ. ಕೆಲಸದ ನಡುವೆಯೇ ಟಿಪ್ಪಣಿ ಹಾಕಿಕೊಳ್ಳುವ ವಿದ್ಯೆಯನ್ನು ಅವರಿಂದ ನಾವೆಲ್ಲ ಕಲಿಯಬೇಕಿದೆ.

ಚಿತ್ರಾಪುರ ಮಠದ ಊರಾದ ಶಿರಾಲಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಮುರ್ಡೇಶ್ವರ, ಹೊನ್ನಾವರ, ಕುಮಟಾ ಒಂದರ ಹಿಂದೊಂದು ಸಿಗುತ್ತವೆ. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವವರೆಗೂ ಈ ಪಟ್ಟಿಯಲ್ಲಿ ಚಂಡೆಯ ಸದ್ದು ನಿಲ್ಲುವುದಿಲ್ಲ. ಕೊಯ್ಲಾದ ಗದ್ದೆ, ದೇವಸ್ಥಾನದ ಅಂಗಳ, ಶಾಲೆಯ ಮೈದಾನ ಎಲ್ಲೆಂದರಲ್ಲಿ ಯಕ್ಷಗಾನದ ಆಟ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ ಇದೇ ದಾರಿಯ ಗುಣವಂತೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹೊನ್ನಾವರ ಸೀಮೆಯವರು. ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ಎಂದರೆ ಇಂದಿಗೂ ಇಲ್ಲಿನ ಹಿರಿಯರಿಗೆ ಅವರದೇ ನೆನಪು.

ಆಟ ನೋಡಲು ಬಂದವರ ಕಣ್ಣು ವೇಷದ ಮೇಲಿರುತ್ತದೆ, ಅದು ಸಹಜ. ಈ ಲೇಖನ ಮಾತ್ರ ರಂಗದ ಹಿಂಬದಿಯಲ್ಲಿ ಮುಂಡಾಸು ಸುತ್ತಿಕೊಂಡು ಕೂತ ಭಾಗವತರ ಕುರಿತದ್ದು. ಅದರಲ್ಲೂ ಅವರ ಎದುರಿಗೆ ಇತ್ತೀಚೆಗೆ ಬಂದು ಕೂತಿರುವ ಟ್ಯಾಬ್ ಮತ್ತು ಅದರ ಮೇಲೆ ಅವರು ಹಾಕಿಕೊಳ್ಳುವ ಪುಟ್ಟ ಗುರುತುಗಳ ಕುರಿತದ್ದು.

ಒಬ್ಬರ ತಲೆಯಲ್ಲಿ ಹತ್ತು ಕೆಲಸ

ಭಾಗವತರನ್ನು ಯಕ್ಷಗಾನದಲ್ಲಿ ಮೊದಲನೆಯ ವೇಷಧಾರಿ ಎಂದು ಕರೆಯುವ ರೂಢಿಯಿದೆ. ಬಣ್ಣ ಹಚ್ಚದಿದ್ದರೂ ಆಟ ನಡೆಯುವುದು ಅವರ ಕೈಯಲ್ಲೇ. ಅವರು ಪದ್ಯ ಹಾಡಬೇಕು. ಹಾಡುತ್ತಲೇ ಎರಡೂ ಕೈಯಲ್ಲಿ ತಾಳ ಹಿಡಿದು ಲಯ ಕಾಯಬೇಕು. ಮದ್ದಳೆ, ಚಂಡೆಯವರಿಗೆ ಎಲ್ಲಿ ಏರಿಸಬೇಕು, ಎಲ್ಲಿ ಬಿಡ್ತಿಗೆ ಹಾಕಬೇಕೆಂಬ ಸೂಚನೆ ಕಣ್ಣಲ್ಲೇ ದಾಟಿಸಬೇಕು. ವೇಷಧಾರಿಯ ಕಾಲ ಮೇಲೆ ನಿಗಾ ಇಡಬೇಕು. ನಟ ಒಂದು ಸಾಲಿಗೆ ಇನ್ನಷ್ಟು ಕುಣಿಯುವ ಹುಮ್ಮಸ್ಸಿನಲ್ಲಿದ್ದರೆ ಆ ಸಾಲನ್ನು ಮತ್ತೆ ಎತ್ತಿಕೊಡಬೇಕು. ಉಸಿರು ಸೋತಿದ್ದರೆ ತಕ್ಷಣ ಪದ್ಯ ಮುಗಿಸಿ ಮಾತಿಗೆ ಬಿಡಬೇಕು. ಅರ್ಥ ಹೇಳುವವರ ಮಾತು ಎಲ್ಲಿಗೆ ಮುಟ್ಟಿತು, ಮುಂದಿನ ಪದ್ಯಕ್ಕೆ ಸಂದು ಎಲ್ಲಿ ಸಿಗುತ್ತದೆ ಎಂದು ಕಿವಿಗೊಟ್ಟು ಕಾಯಬೇಕು. ಬಣ್ಣ ಹಚ್ಚುವ ಚೌಕಿಯಲ್ಲಿ ಮುಂದಿನ ವೇಷ ಸಿದ್ಧವಾಗಿದೆಯೇ ಎಂಬುದೂ ಅವರದೇ ಚಿಂತೆ. ಇಷ್ಟರ ಮೇಲೆ ಗಡಿಯಾರ ಬೇರೆ.

ಇಡೀ ರಾತ್ರಿಯ ಆಟದಲ್ಲಿ ಗಡಿಯಾರದ ಕಾಟ ಅಷ್ಟಿರಲಿಲ್ಲ. ಬೆಳಗಿನವರೆಗೂ ಹೊತ್ತಿತ್ತು. ಮೂರು ನಾಲ್ಕು ಗಂಟೆಯ ಕಾಲಮಿತಿ ಪ್ರದರ್ಶನಗಳು ಹೆಚ್ಚಾದ ಮೇಲೆ ಭಾಗವತರ ಲೆಕ್ಕ ಬಿಗಿಯಾಗಿದೆ. ಒಬ್ಬ ಕಲಾವಿದರು ಮಾತಿನಲ್ಲಿ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡರೆ ಆ ಹತ್ತು ನಿಮಿಷವನ್ನು ಮುಂದೆ ಎಲ್ಲಿಂದಲಾದರೂ ಕಡಿಯಬೇಕು. ಯಾವ ಪದ್ಯ ಬಿಟ್ಟರೆ ಕಥೆ ಮುರಿಯುವುದಿಲ್ಲ, ಯಾವುದನ್ನು ಬಿಟ್ಟರೆ ನಟನಿಗೆ ಅನ್ಯಾಯವಾಗುತ್ತದೆ ಎಂಬ ತೀರ್ಮಾನ ಹಾಡುತ್ತಿರುವಾಗಲೇ ಆಗಬೇಕು. ಆ ತೀರ್ಮಾನವನ್ನು ಮರೆಯದಿರಲು ಅಲ್ಲೇ ಒಂದು ಗುರುತು ಹಾಕಿಕೊಳ್ಳಬೇಕು.

ಓಲೆಗರಿಯಿಂದ ಪರದೆಗೆ

ಈ ಗುರುತು ಬೀಳುತ್ತಿದ್ದ ಜಾಗ ಕಾಲಕಾಲಕ್ಕೆ ಬದಲಾಗಿದೆ. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಾಗಲಿ, ದೇವಿದಾಸನ ಕೃಷ್ಣಸಂಧಾನವಾಗಲಿ ಮೊದಲು ಉಳಿದು ಬಂದದ್ದು ಓಲೆಗರಿಯಲ್ಲಿ ಮತ್ತು ಭಾಗವತರ ಬಾಯಲ್ಲಿ. ಅಂಥ ಹಳೆಯ ಪ್ರತಿಗಳನ್ನು ಹುಡುಕಿ ತೆಗೆದವರಲ್ಲಿ ಶಿವರಾಮ ಕಾರಂತರು ಮುಖ್ಯರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಚ್ಚಿನ ಯುಗದಲ್ಲಿ ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್‌ನಂಥ ಪ್ರಕಾಶಕರ ತೆಳು ಪ್ರಸಂಗ ಪುಸ್ತಕಗಳು ಕರಾವಳಿಯ ಮನೆಮನೆಗೆ ತಲುಪಿದವು. ಪ್ರತಿ ಪದ್ಯದ ನೆತ್ತಿಯ ಮೇಲೆ ರಾಗ, ತಾಳದ ಹೆಸರು; ಕೆಳಗೆ ಸಾಹಿತ್ಯ. ಸುತ್ತ ಒಂದಿಷ್ಟು ಖಾಲಿ ಅಂಚು.

ಆ ಖಾಲಿ ಅಂಚೇ ಭಾಗವತರ ಕಾರ್ಯಾಗಾರ. ಪ್ರಸಂಗದಲ್ಲಿ ನೂರಾರು ಪದ್ಯಗಳಿದ್ದರೆ ರಂಗಕ್ಕೆ ಬರುವುದು ಅದರಲ್ಲಿ ಆಯ್ದವು. ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಒಡ್ಡೋಲಗ, ಎಲ್ಲಿ ಯುದ್ಧದ ಏರುಪದ, ಎಲ್ಲಿ ರಾಗ ಬದಲಿಸಬೇಕು ಎಂಬುದಕ್ಕೆ ‘ನಡೆ’ ಎನ್ನುತ್ತಾರೆ. ಪೆನ್ಸಿಲಿನಲ್ಲಿ ಎಳೆದ ಅಡ್ಡಗೆರೆ, ‘ಬಿಡು’ ಎಂಬ ಎರಡಕ್ಷರ, ಮಟ್ಟೆ ತಾಳಕ್ಕೆ ‘ಮ’, ಝಂಪೆಗೆ ‘ಝಂ’, ಭಾಮಿನಿಗೆ ‘ಭಾ’: ನಡೆಯನ್ನು ಬರೆದಿಡುವ ಲಿಪಿ ಇಂಥದ್ದು. ಒಬ್ಬೊಬ್ಬರದು ಒಂದೊಂದು ಬಗೆ. ಗುರುವಿನ ಪುಸ್ತಕ ನೋಡಿ ಶಿಷ್ಯ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ವಿದ್ಯೆ ಹೀಗೆ ಕೈದಾಟುತ್ತಿತ್ತು.

ಈಗಿನ ಬದಲಾವಣೆ ಎರಡು ಕಡೆಯಿಂದ ಬಂದಿದೆ. ಒಂದು, ಪ್ರಸಂಗಗಳೇ ಪರದೆಗೆ ಬಂದವು. ಯಕ್ಷವಾಹಿನಿ ಸಂಸ್ಥೆಯ ಹಿಂದಿರುವ ಸ್ವಯಂಸೇವಕರು ಹಳೆಯ ಪ್ರಸಂಗ ಪ್ರತಿಗಳನ್ನು ಸ್ಕ್ಯಾನ್ ಮಾಡಿ ‘ಪ್ರಸಂಗ ಪ್ರತಿ ಸಂಗ್ರಹ’ದಲ್ಲಿ ಸೇರಿಸಿದರು, ಯೂನಿಕೋಡ್‌ನಲ್ಲಿ ಬೆರಳಚ್ಚಿಸಿ ‘ಯಕ್ಷಪ್ರಸಂಗಕೋಶ’ ಕಟ್ಟಿದರು. ಅಂಗಡಿಯಲ್ಲಿ ಸಿಗದೇ ಹೋದ ನೂರಾರು ಪ್ರಸಂಗಗಳು ಹೀಗೆ ಯಾರು ಬೇಕಾದರೂ ಇಳಿಸಿಕೊಳ್ಳುವಂತಾದವು. ಸಂಬಳವಿಲ್ಲದೆ, ಮನೆಯ ಹೊತ್ತಿನಲ್ಲಿ ನಡೆದ ಈ ಕೆಲಸಕ್ಕೆ ಕನ್ನಡ ನಾಡು ಋಣಿಯಾಗಿರಬೇಕು. ಎರಡನೆಯದು, ಟ್ಯಾಬ್ ಅಗ್ಗವಾಯಿತು. ಚೀಲದ ತುಂಬ ಪುಸ್ತಕ ಹೊರುತ್ತಿದ್ದವರು ಇಡೀ ಗ್ರಂಥಾಲಯವನ್ನೇ ಒಂದು ಹಲಗೆಯಲ್ಲಿ ಒಯ್ಯುವಂತಾಯಿತು.

ಲಾಭ ಕಣ್ಣಿಗೆ ಕಾಣುವಂಥದ್ದು. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಚಾಳೀಸು ದಾಟಿದ ಕಣ್ಣಿಗೆ ಇದು ದೊಡ್ಡ ಉಪಕಾರ. ರಂಗದ ಬೆಳಕು ಮಂದವಾದರೂ ಸಾಲು ಕಾಣುತ್ತದೆ. ಕಡಲ ಗಾಳಿಗೆ ಹಾಳೆ ತನ್ನಷ್ಟಕ್ಕೆ ಮಗುಚುವುದಿಲ್ಲ. ಪ್ರಾಯೋಜಕರು ಕೊನೆಗಳಿಗೆಯಲ್ಲಿ ಬೇರೆ ಪ್ರಸಂಗ ಬೇಕೆಂದರೆ ಹುಡುಕಿ ತೆಗೆಯುವುದು ಕ್ಷಣದ ಕೆಲಸ. ಹೊರನಾಡಿನ ಸಂಗೀತಗಾರರೂ ಇದೇ ದಾರಿಯಲ್ಲಿದ್ದಾರೆ. ಬೆಲ್ಜಿಯಂನ ಬ್ರಸೆಲ್ಸ್ ಫಿಲ್ಹಾರ್ಮೊನಿಕ್ ವಾದ್ಯವೃಂದ 2012ರಲ್ಲೇ ಕಾಗದದ ಸ್ವರಲಿಪಿ ಬಿಟ್ಟು ಟ್ಯಾಬ್ ನೋಡಿ ನುಡಿಸಿ ತೋರಿಸಿತು. ಕೈ ಬಿಡುವಿಲ್ಲದವರಿಗಾಗಿ ಕಾಲಲ್ಲಿ ಒತ್ತಿ ಪುಟ ತಿರುಗಿಸುವ ಬ್ಲೂಟೂತ್ ಪೆಡಲ್‌ಗಳೂ ಬಂದಿವೆ. ಎರಡೂ ಕೈಯಲ್ಲಿ ತಾಳ ಹಿಡಿದ ಬಡಗುತಿಟ್ಟು ಶೈಲಿಯ ಭಾಗವತರಿಗೆ ಇದು ತಕ್ಕ ಸಾಧನ.

ಮನಸ್ಸು ಒಂದು ಸಲಕ್ಕೆ ಒಂದೇ ಕಡೆ

ಭಾಗವತರು ಇಷ್ಟು ಕೆಲಸ ಒಟ್ಟಿಗೆ ಮಾಡುವುದನ್ನು ನೋಡಿದವರಿಗೆ ಒಂದು ಪ್ರಶ್ನೆ ಏಳಬೇಕು. ಕಚೇರಿಯ ಸಭೆಯಲ್ಲಿ ಕೂತು ಮಾತು ಕೇಳುತ್ತ, ವಾಟ್ಸ್‌ಆ್ಯಪ್ ನೋಡುತ್ತ, ಟ್ಯಾಬಿನಲ್ಲಿ ಟಿಪ್ಪಣಿ ಮಾಡುವವರಿಗೆ ಸಂಜೆ ಏನೂ ನೆನಪಿರುವುದಿಲ್ಲ. ಭಾಗವತರಿಗೆ ಮಾತ್ರ ಆಟ ಮುಗಿದ ಮೇಲೂ ಯಾರು ಯಾವ ಪದ್ಯಕ್ಕೆ ಹೇಗೆ ಕುಣಿದರು ಎಂಬುದು ನೆನಪಿರುತ್ತದೆ. ಏಕೆ?

ಮನೋವಿಜ್ಞಾನಿಗಳು ಈ ವಿಷಯವನ್ನು ಹಲವು ದಿಕ್ಕಿನಿಂದ ಪರೀಕ್ಷಿಸಿದ್ದಾರೆ. ರೂಬಿನ್‌ಸ್ಟೈನ್, ಮೇಯರ್, ಇವಾನ್ಸ್ ಎಂಬುವರು 2001ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಒಂದು ಕೆಲಸದಿಂದ ಇನ್ನೊಂದಕ್ಕೆ ಹಾರುವಾಗ ಪ್ರತಿ ಸಲವೂ ಹೊತ್ತು ಖರ್ಚಾಗುತ್ತದೆ. ಕೆಲಸದ ನಿಯಮ ಜಟಿಲವಾದಷ್ಟೂ ಖರ್ಚು ಹೆಚ್ಚು. 2009ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓಫಿರ್, ನಾಸ್, ವ್ಯಾಗ್ನರ್ ಇನ್ನೊಂದು ಸಂಗತಿ ಕಂಡರು. ಒಂದೇ ವೇಳೆಗೆ ಹಲವು ಪರದೆ, ಹಲವು ಮಾಧ್ಯಮಗಳಲ್ಲಿ ಮುಳುಗಿರುವವರು ಬೇಡದ್ದನ್ನು ಬದಿಗೆ ಸರಿಸುವ ಪರೀಕ್ಷೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದರು. ಅಭ್ಯಾಸ ಹೆಚ್ಚಾದರೆ ಚಾಕಚಕ್ಯತೆ ಹೆಚ್ಚುತ್ತದೆ ಎಂಬ ನಂಬಿಕೆಗೆ ಈ ಫಲಿತಾಂಶ ಒಪ್ಪುವಂಥದ್ದಾಗಿರಲಿಲ್ಲ.

ನಮ್ಮ ಅವಧಾನ ಕಲೆ ಈ ಮಾತನ್ನು ಬೇರೆ ಬಗೆಯಲ್ಲಿ ಬಲ್ಲದು. ಅಷ್ಟಾವಧಾನದಲ್ಲಿ ಪ್ರಶ್ನೆ ಒಡ್ಡುವ ಎಂಟು ಮಂದಿ ಪೃಚ್ಛಕರು. ನಿಷೇಧಾಕ್ಷರಿ, ಸಮಸ್ಯಾಪೂರಣ, ದತ್ತಪದಿ, ಚಿತ್ರಕವಿತೆ, ಆಶುಕವಿತೆ, ಸಂಖ್ಯಾಬಂಧ, ಕಾವ್ಯವಾಚನ ಎಂದು ಒಬ್ಬೊಬ್ಬರದು ಒಂದೊಂದು ಸವಾಲು. ಅಪ್ರಸ್ತುತ ಪ್ರಸಂಗದವರ ಕೆಲಸವೇ ಅಡ್ಡಮಾತು ಹಾಕಿ ಗಮನ ಕದಡುವುದು. ಅವಧಾನಿಯ ಕೈಯಲ್ಲಿ ಲೇಖನಿಯಿಲ್ಲ, ಕಾಗದವಿಲ್ಲ. ಒಂದು ಸುತ್ತಿನಲ್ಲಿ ಒಬ್ಬರಿಗೆ ಪದ್ಯದ ಒಂದು ಪಾದ, ಮತ್ತೊಬ್ಬರಿಗೆ ಮತ್ತೊಂದು ಪದ್ಯದ ಒಂದು ಪಾದ. ಹೀಗೆ ಸುತ್ತುಗಳು ಮುಗಿದ ಮೇಲೆ ಧಾರಣೆಯಿಂದ ಎಲ್ಲ ಪದ್ಯಗಳನ್ನೂ ಇಡಿಯಾಗಿ ಒಪ್ಪಿಸಬೇಕು. ಸಾವಿರಕ್ಕೂ ಹೆಚ್ಚು ಅಷ್ಟಾವಧಾನ ಮಾಡಿರುವ ಶತಾವಧಾನಿ ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಮೂರು ದಿನ ಸಂಪೂರ್ಣ ಕನ್ನಡದಲ್ಲೇ ಶತಾವಧಾನ ನಡೆಸಿದರು. ಹೊರಗಿನಿಂದ ನೋಡಿದರೆ ಅವಧಾನಿ ಎಂಟು ಕಡೆ ಹರಿದಿರುವಂತೆ ಕಾಣುತ್ತದೆ. ವಾಸ್ತವದಲ್ಲಿ ಆ ಗಳಿಗೆಗೆ ಒಬ್ಬನೇ ಪೃಚ್ಛಕ, ಒಂದೇ ಪಾದ. ಒಂದನ್ನು ಮುಗಿಸಿ, ಇಡಬೇಕಾದಲ್ಲಿ ಇಟ್ಟು, ಮುಂದಿನದಕ್ಕೆ ಪೂರ್ತಿಯಾಗಿ ತಿರುಗುವ ಶಿಸ್ತು ಅದು.

ಭಾಗವತರದೂ ಇದಕ್ಕೆ ಹತ್ತಿರದ ಶಿಸ್ತು. ಹಾಡು, ತಾಳ, ಕಣ್ಣು, ಕಿವಿ ಬೇರೆ ಬೇರೆ ಕೆಲಸದಂತೆ ಕಂಡರೂ ಎಲ್ಲವೂ ಒಂದೇ ಆಟದ ಅಂಗಗಳು. ಎಲ್ಲಕ್ಕೂ ಒಂದೇ ಲಯ. ವರ್ಷಗಳ ಅಭ್ಯಾಸದಿಂದ ತಾಳ ಕೈಗೆ ಇಳಿದಿರುತ್ತದೆ, ರಾಗ ಗಂಟಲಿಗೆ ಇಳಿದಿರುತ್ತದೆ. ಹಾಗಾಗಿ ಮನಸ್ಸು ರಂಗದ ಮೇಲಿರಲು ಸ್ವತಂತ್ರ. ವಾಟ್ಸ್‌ಆ್ಯಪ್ ನೋಡುತ್ತ ಸಭೆಯಲ್ಲಿ ಕೂತವರ ಸ್ಥಿತಿ ಹಾಗಲ್ಲ. ಅವರ ಎದುರಿಗೆ ಎರಡು ಆಟ ನಡೆಯುತ್ತಿರುತ್ತವೆ, ಎರಡಕ್ಕೂ ಬೇರೆ ಬೇರೆ ತಾಳ. ಅಲ್ಲಿ ಹಾಕಿಕೊಂಡ ಟಿಪ್ಪಣಿ ಎಷ್ಟೇ ಉದ್ದವಿದ್ದರೂ ಅರ್ಧ ಕೇಳಿದ ಮಾತಿನದೇ ಆಗಿರುತ್ತದೆ.

ಎರಡಕ್ಷರ ಸಾಕು

ಟಿಪ್ಪಣಿ ಎಷ್ಟು ಉದ್ದವಿರಬೇಕು ಎಂಬುದಕ್ಕೂ ಭಾಗವತರ ಅಂಚಿನ ಗುರುತಿನಲ್ಲಿ ಉತ್ತರವಿದೆ. ಅವರು ಪದ್ಯವನ್ನು ಮತ್ತೆ ಬರೆಯುವುದಿಲ್ಲ, ನಟ ಆಡಿದ ಮಾತನ್ನೂ ಬರೆಯುವುದಿಲ್ಲ. ಮುಂದೆ ಮಾಡಬೇಕಾದ್ದನ್ನು ನೆನಪಿಗೆ ತರುವಷ್ಟು ಮಾತ್ರ ಬರೆಯುತ್ತಾರೆ.

2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಹೋಲಿಸಿ ನೋಡಿದರು. ಲ್ಯಾಪ್‌ಟಾಪಿನಲ್ಲಿ ಬೆರಳಚ್ಚಿಸಿದವರು ಉಪನ್ಯಾಸವನ್ನು ಹೆಚ್ಚುಕಡಿಮೆ ಪದಶಃ ಇಳಿಸಿಕೊಂಡಿದ್ದರು; ಕೈಯಲ್ಲಿ ಬರೆದವರು ಅಷ್ಟು ವೇಗವಿಲ್ಲದ ಕಾರಣಕ್ಕೇ ತಮ್ಮ ಮಾತಿನಲ್ಲಿ ಸಂಕ್ಷೇಪಿಸಿದ್ದರು. ವಿಚಾರ ಕೇಳುವ ಪ್ರಶ್ನೆಗಳಿಗೆ ಕೈಬರಹದವರು ಚೆನ್ನಾಗಿ ಉತ್ತರಿಸಿದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ವ್ಯತ್ಯಾಸ ಅಷ್ಟು ದೊಡ್ಡದಾಗಿ ಕಾಣಲಿಲ್ಲ. ಆದರೆ ಬೆರಳಚ್ಚಿನಲ್ಲಿ ನಕಲಿನ ಪಾಲು ಹೆಚ್ಚು ಎಂಬ ಮಾತು ಮತ್ತೆ ಮತ್ತೆ ಕಂಡಿದೆ. ಸಾರ ಇಷ್ಟು: ಎಲ್ಲವನ್ನೂ ಬರೆದುಕೊಳ್ಳುವ ಸೌಕರ್ಯ ಸಿಕ್ಕಾಗ ಆರಿಸುವ ಶ್ರಮವನ್ನು ನಾವು ಬಿಟ್ಟುಬಿಡುತ್ತೇವೆ. ಆರಿಸುವುದರಲ್ಲೇ ಕಲಿಕೆಯಿದೆ.

ಪರದೆಯ ಮೇಲೆ ಕೈಬರಹ ಎಂಬುದು ಕನ್ನಡಿಗರಿಗೆ ಹೊರಗಿನಿಂದ ಬಂದ ಸಂಗತಿಯೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯೊಡನೆ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ 2001ರಲ್ಲಿ ಜಗತ್ತಿನ ಗಮನ ಸೆಳೆದಿತ್ತು. 2004ರ ಮಾರ್ಚ್‌ನಲ್ಲಿ ಮಾರುಕಟ್ಟೆಗೆ ಬಂದ ಅಮಿಡಾ ಸಿಂಪ್ಯೂಟರನ್ನು ತಯಾರಿಸಿದ್ದು ಭಾರತ್ ಎಲೆಕ್ಟ್ರಾನಿಕ್ಸ್. ಅದರ ಪರದೆಯ ಮೇಲೆ ಕಡ್ಡಿಯಿಂದ ಗೀಚಿದ್ದನ್ನು ಹಾಗೆಯೇ ಮಿಂಚಂಚೆಯಲ್ಲಿ ಕಳಿಸಬಹುದಿತ್ತು. ಕೈಯಲ್ಲಿ ವಾಲಿಸಿದರೆ ಪುಟ ತಿರುಗುತ್ತಿತ್ತು. ಐಫೋನ್ ಬರಲು ಆಗ ಇನ್ನೂ ಮೂರು ವರ್ಷವಿತ್ತು, ಐಪ್ಯಾಡ್ ಬರಲು ಆರು ವರ್ಷ. ಸಿಂಪ್ಯೂಟರ್ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಇಂದು ನಮ್ಮ ಕೈಯಲ್ಲಿರುವ ಟ್ಯಾಬಿನ ಹಲವು ಗುಣಗಳನ್ನು ನಮ್ಮವರೇ ಮೊದಲೇ ಕಂಡಿದ್ದರೆಂಬುದು ಹೆಮ್ಮೆಯ ಮಾತು.

ಕನ್ನಡದಲ್ಲಿ ಬೇಗ ಬರೆದುಕೊಳ್ಳಲು ಇಂದು ಮೂರು ದಾರಿ ಇವೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಕಲಿತವರಿಗೆ ಬೆರಳಚ್ಚು ಸಲೀಸು. ಹಾಡಿನ ಅಥವಾ ಮಾತಿನ ನಡುವೆ ಮಾತ್ರ ಅದು ಒಗ್ಗದು. ಒತ್ತಕ್ಷರ ಹುಡುಕುವಾಗ ಕಣ್ಣು ರಂಗದಿಂದ ಕೆಳಗಿಳಿಯುತ್ತದೆ. ಎರಡನೆಯದು ಧ್ವನಿ. ಗೂಗಲ್ 2017ರಲ್ಲಿ ಕನ್ನಡಕ್ಕೂ ಧ್ವನಿಬರಹ ತಂದಿತು. ದೋಣಿ ಬಂದು ಮೀನಿನ ಹರಾಜು ನಡೆಯುವಾಗ, ಅಡಿಗೆಮನೆಯಲ್ಲಿ ಕೈ ಹಿಟ್ಟಾಗಿರುವಾಗ ಇದು ಉಪಯೋಗ. ಗದ್ದಲ ಹೆಚ್ಚಾದರೆ ತಪ್ಪೂ ಹೆಚ್ಚು. ಹಾಡುತ್ತಿರುವವರಿಗಂತೂ ಸಾಧ್ಯವೇ ಇಲ್ಲ. ಮೂರನೆಯದು, ಬೆರಳಿನಿಂದ ಅಥವಾ ಕಡ್ಡಿಯಿಂದ ಪುಟದ ಮೇಲೇ ಗೀಚುವುದು. ಎರಡಕ್ಷರ, ಒಂದು ಗೆರೆ, ಒಂದು ಸುತ್ತು. ಕೆಲಸದ ನಡುವೆ ಇದಕ್ಕಿಂತ ಚುರುಕಾದ ದಾರಿ ಇಲ್ಲ.

ತಯಾರಕರೂ ಇದನ್ನು ಅರಿತಿದ್ದಾರೆ. ಆ್ಯಂಡ್ರಾಯ್ಡ್‌ನಲ್ಲಿ 2016ರಿಂದ ಪರದೆಯನ್ನು ಎರಡು ಭಾಗ ಮಾಡಿ ಒಂದರಲ್ಲಿ ಓದು, ಇನ್ನೊಂದರಲ್ಲಿ ಬರಹ ಇಟ್ಟುಕೊಳ್ಳಬಹುದು. ಐಪ್ಯಾಡಿನಲ್ಲಿ 2021ರಿಂದ ಪರದೆಯ ಬಲಗಡೆಯ ಕೆಳಮೂಲೆಯಿಂದ ಒಳಕ್ಕೆ ಎಳೆದರೆ ಸಣ್ಣ ಟಿಪ್ಪಣಿ ಹಾಳೆ ತೆರೆದುಕೊಳ್ಳುತ್ತದೆ; ನೋಡುತ್ತಿದ್ದ ಪುಟ ಹಿಂದೆ ಹಾಗೆಯೇ ಇರುತ್ತದೆ.

ಎಚ್ಚರ ತಪ್ಪಿದರೆ

ಟ್ಯಾಬಿನ ಅಪಾಯಗಳೂ ಸಣ್ಣವಲ್ಲ. ಮುಟ್ಟದೆ ಬಿಟ್ಟರೆ ಪರದೆ ಆರಿಹೋಗುತ್ತದೆ; ಅರ್ಥಗಾರಿಕೆ ಉದ್ದವಾದಾಗ ಇದು ಖಂಡಿತ. ಪರದೆ ಆರದಂತೆ ಮೊದಲೇ ಹೊಂದಿಸಿಡಬೇಕು. ಅಭಿಮನ್ಯುವಿನ ಪದ್ಯದ ಮೇಲೆ ಯಾರದೋ ಕರೆ ಬಂದು ಕೂತರೆ ಇಡೀ ಹಿಮ್ಮೇಳ ತಡವರಿಸುತ್ತದೆ. ಏರೋಪ್ಲೇನ್ ಮೋಡ್ ಹಾಕಿಯೇ ರಂಗಕ್ಕೆ ಕೂರಬೇಕು. ಬ್ಯಾಟರಿ, ಸೆಖೆಯ ಬೆವರು, ಉಪ್ಪುಗಾಳಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಅಚ್ಚಿನ ಪುಸ್ತಕವನ್ನು ಮಗ್ಗುಲಲ್ಲಿ ಇಟ್ಟುಕೊಳ್ಳುವುದು ಜಾಣತನ.

ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಪರದೆಯಲ್ಲಿ ಎಲ್ಲವೂ ಇದೆ ಎಂಬ ಧೈರ್ಯದಿಂದ ಬಾಯಿಪಾಠ ಬಿಡುವುದು. ಕಣ್ಣು ಪರದೆಗೆ ಅಂಟಿದರೆ ವೇಷಧಾರಿಯ ಕಾಲು ಕಾಣುವುದಿಲ್ಲ, ಅವನ ಮುಖದ ಬೇಡಿಕೆ ಕಾಣುವುದಿಲ್ಲ. ಹಾಡು ಶುದ್ಧವಾಗಿದ್ದರೂ ಆಟ ಸಪ್ಪೆಯಾಗುತ್ತದೆ. ಹಿರಿಯ ರಸಿಕರು ಟ್ಯಾಬ್ ಕಂಡು ಮುಖ ಕಿವುಚುವುದಕ್ಕೆ ಕಾರಣ ಇದೇ, ಮತ್ತು ಅವರ ಆತಂಕ ನ್ಯಾಯವಾದದ್ದು. ಕಡತೋಕಾ ಮಂಜುನಾಥ ಭಾಗವತರು, ನೆಬ್ಬೂರು ನಾರಾಯಣ ಭಾಗವತರಂಥವರನ್ನು ಕೇಳಿ ಬೆಳೆದ ಸೀಮೆ ಇದು. ಪ್ರಸಂಗ ಕಂಠಸ್ಥವಿದ್ದು ಪರದೆ ಬರೀ ಆಸರೆಗೆ ಇದ್ದರೆ ಅದು ಉಪಕರಣ; ಪರದೆ ಇಲ್ಲದೆ ಹಾಡಲಾಗದಿದ್ದರೆ ಅದು ಊರುಗೋಲು. ಕಲಿಯುವ ಮಕ್ಕಳಿಗೆ ಮೊದಲ ವರ್ಷಗಳಲ್ಲಿ ಟ್ಯಾಬ್ ಕೊಡದೆ, ಪದ್ಯ ನಾಲಿಗೆಗೆ ಕೂತ ಮೇಲೆ ಕೊಡುವುದೇ ಸರಿ ಎಂದು ನನ್ನ ಗಟ್ಟಿ ಅಭಿಪ್ರಾಯ.

ಆಟದಿಂದಾಚೆಗೂ ಈ ಮಾತು ಸಲ್ಲುತ್ತದೆ. ಪಂಚಾಯಿತಿ ಸಭೆಯ ನಡಾವಳಿ ಬರೆಯುವವರು, ತರಗತಿಯಲ್ಲಿ ಪಾಠ ಕೇಳುವ ವಿದ್ಯಾರ್ಥಿ, ಊರೂರು ತಿರುಗುವ ವರದಿಗಾರ, ಬಂದರಿನಲ್ಲಿ ಲೆಕ್ಕ ಇಡುವವರು ಎಲ್ಲರಿಗೂ ಅದೇ ಸೂತ್ರ. ಒಂದು ಕೆಲಸಕ್ಕೆ ಸೇರಿದ್ದನ್ನು ಮಾತ್ರ ಎದುರಿಗಿಟ್ಟುಕೊಳ್ಳಿ. ಬರೆಯುವುದು ಅಲ್ಪವಿರಲಿ, ಮುಂದಿನ ಹೆಜ್ಜೆಯ ಕುರಿತಿರಲಿ. ನಿಮ್ಮದೇ ಗುರುತುಗಳನ್ನು ಮಾಡಿಕೊಂಡು ಅವನ್ನೇ ಸದಾ ಬಳಸಿ. ಅದೇ ದಿನ ಮಲಗುವ ಮುನ್ನ ಒಮ್ಮೆ ತೆರೆದು, ಗೀಚಿದ್ದನ್ನು ಬಿಡಿಸಿ ಬರೆಯಿರಿ. ಬಿಡಿಸಿ ಬರೆಯದ ಎರಡಕ್ಷರಕ್ಕೆ ವಾರ ಕಳೆದ ಮೇಲೆ ಅರ್ಥ ಉಳಿಯುವುದಿಲ್ಲ.

ಅಂಚಿನ ಗುರುತು ಉಳಿಸೋಣ

ಅಚ್ಚಾದ ಪ್ರಸಂಗಗಳು ಪರದೆಗೆ ಬಂದು ಸುರಕ್ಷಿತವಾಗಿವೆ. ಪುಟದ ಅಂಚಿನಲ್ಲಿ ಭಾಗವತರು ಆಟದ ನಡುವೆ ಹಾಕಿದ ಗುರುತುಗಳು ಮಾತ್ರ ಇನ್ನೂ ಮನೆಮನೆಯ ಅಟ್ಟದ ಮೇಲಿವೆ. ಪದ್ಯ ಕವಿಯದು, ಅದನ್ನು ರಂಗಕ್ಕೆ ತಂದ ನಿರ್ದೇಶನ ಭಾಗವತರದು. ಆ ನಿರ್ದೇಶನಕ್ಕೆ ಲಿಖಿತ ಸಾಕ್ಷಿ ಎಂದಿರುವುದು ಈ ಪೆನ್ಸಿಲ್ ಗೆರೆಗಳು ಮಾತ್ರ. ಕರಾವಳಿಯ ಒಂದೊಂದು ಮಳೆಗಾಲವೂ, ಒಂದೊಂದು ಗೆದ್ದಲ ಸಾಲೂ ಅದರಲ್ಲಿ ಸ್ವಲ್ಪ ಸ್ವಲ್ಪ ತಿಂದು ಹಾಕುತ್ತಿದೆ. ಇತ್ತ ಟ್ಯಾಬಿನಲ್ಲಿ ಹಾಕುವ ಹೊಸ ಗುರುತುಗಳ ಆಯುಸ್ಸು ಇನ್ನೂ ಕಡಿಮೆ. ಉಪಕರಣ ಕೆಟ್ಟ ದಿನ ಅವೂ ಹೋಗುತ್ತವೆ, ಬೇರೆ ಕಡೆ ಪ್ರತಿ ಇಡದಿದ್ದರೆ.

ಆದ್ದರಿಂದ ಎರಡು ವಿನಂತಿ. ಇಂದು ರಂಗದ ಮೇಲಿರುವ ಭಾಗವತರು ತಮ್ಮ ಗುರುತುಗಳಿರುವ ಕಡತವನ್ನು ತಿಂಗಳಿಗೊಮ್ಮೆ ಇನ್ನೊಂದೆಡೆ ಉಳಿಸಿಕೊಳ್ಳಲಿ, ಅದರ ಒಂದು ಪ್ರತಿಯನ್ನು ಶಿಷ್ಯರಿಗೂ ಕೊಡಲಿ. ಶಿರಾಲಿಯಿಂದ ಕುಮಟಾದವರೆಗೆ ಯಾರ ಮನೆಯಲ್ಲೇ ಆಗಲಿ, ಅಜ್ಜನೋ ದೊಡ್ಡಪ್ಪನೋ ಬಳಸಿದ ಪ್ರಸಂಗ ಪುಸ್ತಕವಿದ್ದರೆ ರದ್ದಿಗೆ ಹಾಕಬೇಡಿ. ಅಂಚು ಕತ್ತರಿಸದೆ ಪ್ರತಿ ಪುಟದ ಚಿತ್ರ ತೆಗೆಯಿರಿ, ಬರೆದವರ ಹೆಸರು, ಊರು, ಮೇಳ ಸೇರಿಸಿ ಪ್ರಸಂಗ ಸಂಗ್ರಹಿಸುತ್ತಿರುವವರಿಗೆ ತಲುಪಿಸಿ. ಮಳೆಗಾಲ ಹಿಡಿಯುವ ಮುನ್ನ ಈ ಕೆಲಸ ಮುಗಿಸಿದರೆ ಅಷ್ಟು ಪುಟಗಳು ಉಳಿದ ಹಾಗೆ.